ಮೂರ್ ಪಕ್ಕ ಯಾರು? 2025ರ ಸೀಸನ್‌ಗೆ ಕಾಲಿಂಗ್‌ವುಡ್ ಡಿಫೆನ್ಸ್ ಆರಿಸುವ ಲೆಕ್ಕ

ಇದು ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ (ಎಎಫ್‌ಎಲ್) ತಂಡ ಕಾಲಿಂಗ್‌ವುಡ್ ಬಗ್ಗೆ 2025ರ ಸೀಸನ್‌ಗೆ ಮುಂಚೆ ಹಾಕಿದ ಲೆಕ್ಕ. ಮೆಲ್ಬರ್ನ್‌ನಲ್ಲಿ ಈ ಬೇಸಿಗೆ ಪೂರ್ತಿ ಎರಡೇ ಹೆಸರು ಕಿವಿಗೆ ಬೀಳುತ್ತಿವೆ. ಪೋರ್ಟ್ ಅಡಿಲೇಡ್‌ನಿಂದ ಬಂದ ಡ್ಯಾನ್ ಹ್ಯೂಸ್ಟನ್, ಜಿಡಬ್ಲ್ಯೂಎಸ್ ಜೈಂಟ್ಸ್‌ನಿಂದ ಬಂದ ಹ್ಯಾರಿ ಪೆರಿಮನ್. ಇಬ್ಬರೂ ಹಿಂದಿನಿಂದ ಚೆಂಡು ಮುಂದೆ ಸಾಗಿಸುವ ಆಟಗಾರರು. ಇಬ್ಬರನ್ನೂ ಕಾಲಿಂಗ್‌ವುಡ್ ಆಸೆಪಟ್ಟು ಕರೆತಂದಿದೆ. ಆಸೆಗೆ ಕಾರಣವೂ ಇದೆ. 2023ರ ಸೆಪ್ಟೆಂಬರ್ 30ರಂದು ಎಂಸಿಜಿಯಲ್ಲಿ 1,00,024 ಜನರ ಮುಂದೆ ಬ್ರಿಸ್ಬೇನ್ ಲಯನ್ಸನ್ನು 90–86ರಿಂದ ಸೋಲಿಸಿ ಕಪ್ ಎತ್ತಿದ ತಂಡ ಇದು. ಮರುವರ್ಷ ಅದೇ ತಂಡ 12 ಗೆಲುವು, 9 ಸೋಲು, 2 ಡ್ರಾ ಮಾಡಿಕೊಂಡು ಒಂಬತ್ತನೇ ಸ್ಥಾನಕ್ಕೆ ಇಳಿಯಿತು. ಸೀಸನ್ ಕೊನೆಯ ಫೈನಲ್ಸ್ ಸುತ್ತಿಗೆ ಆಗ ಹೋಗುತ್ತಿದ್ದುದು ಎಂಟೇ ತಂಡ.

ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಹ್ಯೂಸ್ಟನ್‌ಗೆ ಜಾಗ ಎಲ್ಲಿ, ಪೆರಿಮನ್‌ಗೆ ಜಾಗ ಎಲ್ಲಿ? ನನ್ನ ಪ್ರಕಾರ ಲೆಕ್ಕ ಶುರು ಮಾಡಬೇಕಾದ್ದು ಅಲ್ಲಿಂದ ಅಲ್ಲ. ಮೊದಲು ನಾಯಕ ಡಾರ್ಸಿ ಮೂರ್ ಪಕ್ಕ ನಿಲ್ಲುವ ಎರಡನೇ ಎತ್ತರದ ಡಿಫೆಂಡರ್ ಯಾರು ಅಂತ ತೀರ್ಮಾನ ಆಗಬೇಕು. ಅದು ಸರಿಹೋದರೆ ಉಳಿದ ಜಾಗಗಳು ತಾವಾಗೇ ತುಂಬುತ್ತವೆ. ಅದು ಎಡವಟ್ಟಾದರೆ ಎಷ್ಟೇ ಚೆನ್ನಾಗಿ ಕಿಕ್ ಮಾಡುವವರನ್ನು ತಂದರೂ ಅವರ ಕೈಗೆ ಚೆಂಡೇ ಸಿಗಲ್ಲ.

ಎಂಸಿಜಿ ಅಂದರೆ ಬಾಕ್ಸಿಂಗ್ ಡೇ ಟೆಸ್ಟ್ ಅಂತಷ್ಟೇ ಗೊತ್ತಿರುವವರಿಗೆ ಆಟದ ಬಗ್ಗೆ ನಾಲ್ಕು ಮಾತು. ಅದೇ ಮೈದಾನ, ಅದೇ ಮೊಟ್ಟೆಯಾಕಾರ. ಒಂದೊಂದು ಕಡೆ 18 ಜನ. ಆಫ್‌ಸೈಡ್ ಇಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಕನಿಷ್ಠ 15 ಮೀಟರ್ ದೂರದಿಂದ ಕಿಕ್ ಆಗಿ ಬಂದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದು ಮಾರ್ಕ್. ಹಿಡಿದವರು ಯಾರ ಕಾಟವೂ ಇಲ್ಲದೆ ನಿಂತು ಒದೆಯಬಹುದು. 2019ರಿಂದ ಇನ್ನೊಂದು ನಿಯಮ ಇದೆ. ನಡುಮೈದಾನದಲ್ಲಿ ಆಟ ಶುರುವಾಗುವ ಪ್ರತಿ ಸಲ ಎರಡೂ ತಂಡದ ಆರಾರು ಜನ ಹಿಂದೆ, ಆರಾರು ಜನ ಮಧ್ಯೆ, ಆರಾರು ಜನ ಮುಂದೆ ಇರಲೇಬೇಕು. ಆಮೇಲೆ ಯಾರು ಎಲ್ಲಿಗೆ ಬೇಕಾದರೂ ಓಡಬಹುದು. ಡಿಫೆನ್ಸ್ ಅಂದಾಗ ನಾವು ಮಾತಾಡುವುದು ಹಿಂದಿನ ಆ ಆರು ಜನರ ಬಗ್ಗೆ. 2025ರಲ್ಲಿ ಬೆಂಚ್ ಮೇಲೆ ನಾಲ್ವರು, ಜೊತೆಗೆ ಒಬ್ಬ ಸಬ್ (ಬದಲಿ ಆಟಗಾರ) ಇದ್ದುದರಿಂದ ನಿಜದಲ್ಲಿ ಏಳೆಂಟು ಜನ ಆ ಆರು ಜಾಗಗಳಲ್ಲಿ ಅದಲು ಬದಲಾಗುತ್ತಿದ್ದರು.

ಮೂರ್ ಯಾಕೆ ಅಷ್ಟು ಮುಖ್ಯ

ಮೂರ್ 203 ಸೆಂಟಿಮೀಟರ್ ಎತ್ತರ. ಅಪ್ಪ ಪೀಟರ್ ಮೂರ್ ಇದೇ ಕ್ಲಬ್ಬಿನ ನಾಯಕರಾಗಿದ್ದವರು, 1979 ಮತ್ತು 1984ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದವರು. ಮಗ ಶುರುವಿನಲ್ಲಿ ಫಾರ್ವರ್ಡ್ ಆಗಿ ಆಡಿ ಆಮೇಲೆ ಹಿಂದಕ್ಕೆ ಬಂದರು. 2020 ಮತ್ತು 2023ರಲ್ಲಿ ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್ ಆಸ್ಟ್ರೇಲಿಯನ್ ತಂಡಕ್ಕೆ ಆಯ್ಕೆಯಾದರು.

ಅವರ ಆಟ ನೋಡುವಾಗ ಚೆಂಡನ್ನು ಬಿಟ್ಟು ಅವರನ್ನೇ ಸ್ವಲ್ಪ ಹೊತ್ತು ನೋಡಿ. ಎದುರಾಳಿ ಮಿಡ್‌ಫೀಲ್ಡರ್ ತಲೆ ತಗ್ಗಿಸಿ ಕಿಕ್ ಮಾಡಲು ಸಿದ್ಧನಾಗುತ್ತಿದ್ದ ಹಾಗೇ ಮೂರ್ ತಮ್ಮ ಆಳನ್ನು (ತಾವು ಕಾಯಬೇಕಾದ ಎದುರಾಳಿಯನ್ನು) ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದಿರುತ್ತಾರೆ. ಚೆಂಡು ಗಾಳಿಗೆ ಏರುವಾಗ ಅವರು ಆಗಲೇ ಓಡುತ್ತಿರುತ್ತಾರೆ. ಬೇರೆಯವರ ಆಳಿಗೆ ಅಂತ ಬಂದ ಚೆಂಡನ್ನು ಪಕ್ಕದಿಂದ ಹಾರಿ ಹಿಡಿಯುತ್ತಾರೆ. ಇದೇ ಇಂಟರ್ಸೆಪ್ಟ್ ಮಾರ್ಕ್. ಕಾಲಿಂಗ್‌ವುಡ್ ಆಟದ ಜೀವ ಇರುವುದೇ ಇಲ್ಲಿ. ಕೋಚ್ ಕ್ರೇಗ್ ಮೆಕ್‌ರೇ ತಂಡ ಚೆಂಡು ಕಸಿದ ಕೂಡಲೇ ಮೈದಾನದ ಮಧ್ಯದಿಂದಲೇ ಜೋರಾಗಿ ನುಗ್ಗುತ್ತದೆ.

ಆದರೆ ತಮ್ಮ ಆಳನ್ನು ಬಿಟ್ಟು ಹೋಗಬೇಕಾದರೆ ಹಿಂದೆ ನೋಡಿಕೊಳ್ಳುವವರು ಬೇಕಲ್ವಾ? ಕಬಡ್ಡಿಯಲ್ಲಿ ಕಾರ್ನರ್ ಆಟಗಾರ ರೇಡರ್ ಕಾಲಿಗೆ ಧೈರ್ಯವಾಗಿ ಕೈ ಹಾಕುವುದು ಪಕ್ಕದ ಕವರ್ ಮೇಲೆ ನಂಬಿಕೆ ಇದ್ದಾಗ ಮಾತ್ರ. ಇಲ್ಲೂ ಹಾಗೇ. 2023ರಲ್ಲಿ ಆ ಕವರ್ ಕೆಲಸವನ್ನು ನೇಥನ್ ಮರ್ಫಿ ಮಾಡುತ್ತಿದ್ದರು. ಕಪ್ ಗೆದ್ದ ಆ ಗ್ರ್ಯಾಂಡ್ ಫೈನಲ್‌ನಲ್ಲಿ ತಲೆಗೆ ಪೆಟ್ಟು ಬಿದ್ದು ಆಟ ಮುಗಿಯುವ ಮುಂಚೆಯೇ ಹೊರಗೆ ಹೋದರು. 2024ರ ಏಪ್ರಿಲ್‌ನಲ್ಲಿ, ಬರೀ 24ನೇ ವಯಸ್ಸಿಗೆ, ಕನ್‌ಕಷನ್ (ಮೆದುಳಿಗೆ ಬಿದ್ದ ಪೆಟ್ಟು) ಕಾರಣಕ್ಕೆ ಆಟವನ್ನೇ ಬಿಟ್ಟರು. ಕಳೆದ ವರ್ಷ ಮೂರ್ ಮಂಕಾದರು ಅಂತ ಬೈದವರು ಬಹಳ ಜನ. ಮಂಕಾದದ್ದು ನಿಜ. ಆದರೆ ಪಕ್ಕದವರು ಇಲ್ಲವಾದಾಗ ಎದುರಾಳಿಯ ದೊಡ್ಡ ಫಾರ್ವರ್ಡ್ ಜೊತೆ ಅವರೇ ಗುದ್ದಾಡಬೇಕಾಯಿತು ಅನ್ನುವುದನ್ನು ಯಾರೂ ಜಾಸ್ತಿ ಹೇಳಲಿಲ್ಲ.

ಎರಡನೇ ಎತ್ತರದವರು: ಮೂರು ದಾರಿ

ಮೊದಲ ದಾರಿ ಬಿಲ್ಲಿ ಫ್ರ್ಯಾಂಪ್ಟನ್. ಪೋರ್ಟ್ ಅಡಿಲೇಡ್, ಅಡಿಲೇಡ್ ಎರಡೂ ಕಡೆ ಆಡಿ 2022ರ ಕೊನೆಗೆ ಇಲ್ಲಿಗೆ ಬಂದವರು. ಎರಡು ಮೀಟರ್ ಆಸುಪಾಸಿನ ಆಳು. ಇವರ ಬಗ್ಗೆ ಯಾರೂ ಹಾಡಿ ಹೊಗಳುವುದಿಲ್ಲ. ಕಿಕ್ ಸಾಧಾರಣ, ನೆಲದ ಮೇಲಿನ ಚೆಂಡಿಗೆ ಬಗ್ಗುವುದು ನಿಧಾನ. ಆದರೆ ಒಂದು ಕೆಲಸ ಕೊಟ್ಟರೆ ಅದನ್ನಷ್ಟೇ ಮಾಡುತ್ತಾರೆ, ಈ ಜಾಗಕ್ಕೆ ಬೇಕಾದ್ದೂ ಅದೇ. 2023ರ ಗ್ರ್ಯಾಂಡ್ ಫೈನಲ್ ನೆನಪಿಸಿಕೊಳ್ಳಿ. ಮೆಕ್‌ರೇ ಇವರನ್ನು ಫಾರ್ವರ್ಡ್ ಆಗಿ ಆಡಿಸಿದರು. ಗೋಲ್ ಹೊಡೆಯಲಿ ಅಂತ ಅಲ್ಲ. ಬ್ರಿಸ್ಬೇನ್‌ನ ದೊಡ್ಡ ಡಿಫೆಂಡರ್ ಹ್ಯಾರಿಸ್ ಆಂಡ್ರೂಸ್ ಚೆಂಡಿಗೆ ಹಾರದಂತೆ ಮೈಗೆ ಅಂಟಿಕೊಂಡು ನಿಲ್ಲಲಿ ಅಂತ. ಅಂಥ ಮಂಕು ಕೆಲಸವನ್ನು ವರ್ಷದ ಅತಿ ದೊಡ್ಡ ದಿನ ಒಪ್ಪಿ ಮಾಡುವವರನ್ನು ಗೋಲ್ ಮುಂದಿನ ಫುಲ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಲು ನನಗೆ ಹೆದರಿಕೆಯಿಲ್ಲ.

ಎರಡನೇ ದಾರಿ ಚಾರ್ಲಿ ಡೀನ್. ಕೆಳಗಿನ ಹಂತದ ಲೀಗ್ ವಿಎಫ್‌ಎಲ್‌ನ ವಿಲಿಯಮ್ಸ್‌ಟೌನ್‌ನಿಂದ ಬಂದವರು. ಗಾಯಗಳಿಂದ ಶುರುವೇ ತಡವಾಯಿತು, ಆಡಿದ ಪಂದ್ಯಗಳೂ ಕಡಿಮೆ. ಚೆಂಡು ಓದುವ ಕಲೆ ಇವರಲ್ಲಿ ಫ್ರ್ಯಾಂಪ್ಟನ್‌ಗಿಂತ ಜಾಸ್ತಿ. ಇಂಟರ್ಸೆಪ್ಟ್‌ಗೆ ಹೋಗುವ ಆಸೆಯೂ ಜಾಸ್ತಿ. ತೊಂದರೆ ಇರುವುದೂ ಅಲ್ಲೇ. ಮೂರ್ ಹಾರಲು ಹೋದಾಗ ಡೀನ್ ಕೂಡ ಹಾರಲು ಹೋದರೆ ಗೋಲ್ ಮುಂದೆ ಉಳಿಯುವವರು ಯಾರು? ಮೂರ್‌ಗೆ ಗಾಯವಾದ ದಿನ ಆ ಜಾಗಕ್ಕೆ ಡೀನ್ ಒಳ್ಳೆಯ ಆಯ್ಕೆ. ಮೂರ್ ಜೊತೆಗೆ ಅಲ್ಲ.

ಮೂರನೇ ದಾರಿ ಜೆರೆಮಿ ಹೋವ್‌ಗೆ ಬಡ್ತಿ ಕೊಟ್ಟು ಇಬ್ಬರೇ ಎತ್ತರದವರನ್ನು ಆಡಿಸುವುದು. ಓಟ ಜಾಸ್ತಿ ಸಿಗುತ್ತದೆ, ಒಬ್ಬ ಕಿಕ್ಕರ್ ಹೆಚ್ಚಿಗೆ ಆಡಬಹುದು ಅನ್ನುವುದು ಇದರ ಪರ ವಾದ. ಕೇಳಲು ಚೆಂದ. ಆದರೆ ಹೋವ್ 190 ಸೆಂಟಿಮೀಟರ್, 2025ರ ಜೂನ್ ಬಂದರೆ 35 ತುಂಬುತ್ತದೆ. ವೆಸ್ಟರ್ನ್ ಬುಲ್‌ಡಾಗ್ಸ್‌ನ ಸ್ಯಾಮ್ ಡಾರ್ಸಿ 208 ಸೆಂಟಿಮೀಟರ್. ಪಕ್ಕದಲ್ಲೇ ಆರನ್ ನಾಟನ್ ಇರುತ್ತಾರೆ. ಅಂಥ ಜೋಡಿಯ ಎದುರು ಇಬ್ಬರೇ ಎತ್ತರದವರಾದರೆ ಮೂರ್‌ಗೆ ಒಬ್ಬರು, ಹೋವ್‌ಗೆ ಒಬ್ಬರು. ಮೂರ್ ಪೂರ್ತಿ ಪಂದ್ಯ ಕಟ್ಟಿಹಾಕಿದಂತೆ ನಿಲ್ಲಬೇಕಾಗುತ್ತದೆ. ಇದು ಬೇಡ.

ಹಾಗಂತ ಹೋವ್‌ರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಮೂರನೇ ಎತ್ತರದವರ ಜಾಗ ಅವರದೇ. ಎದುರಾಳಿಯ ಮೂರನೇ ಫಾರ್ವರ್ಡ್ ಸಾಮಾನ್ಯವಾಗಿ ಮಧ್ಯಮ ಗಾತ್ರದವರು, ಹಾಗಾಗಿ ಹೋವ್‌ಗೆ ಹೊಂದುತ್ತದೆ. 2012ರಲ್ಲಿ ಮೆಲ್ಬರ್ನ್ ತಂಡದಲ್ಲಿದ್ದಾಗ ವರ್ಷದ ಶ್ರೇಷ್ಠ ಮಾರ್ಕ್ ಪ್ರಶಸ್ತಿ ಗೆದ್ದವರು. ಜನರ ಭುಜದ ಮೇಲೆ ಮೊಣಕಾಲೂರಿ ಹಾರುವುದು ಈಗ ಕಡಿಮೆ, ಆದರೆ ಚೆಂಡು ಎಲ್ಲಿ ಬೀಳುತ್ತದೆ ಅನ್ನುವ ಅಂದಾಜು ಹೋಗಿಲ್ಲ. 2023ರ ಮೊದಲ ಪಂದ್ಯದಲ್ಲೇ ಜೀಲಾಂಗ್ ವಿರುದ್ಧ ಕೈ ಕೆಟ್ಟದಾಗಿ ಮುರಿದುಕೊಂಡು, ಅದೇ ವರ್ಷ ವಾಪಸ್ ಬಂದು ಗ್ರ್ಯಾಂಡ್ ಫೈನಲ್ ಆಡಿದವರು. ವಯಸ್ಸಿನ ಲೆಕ್ಕ ಇಟ್ಟುಕೊಳ್ಳಲೇಬೇಕು. ಪ್ರಯಾಣ ಇರುವ ಕೆಲವು ವಾರ ಅವರಿಗೆ ವಿಶ್ರಾಂತಿ ಕೊಟ್ಟು ಡೀನ್‌ಗೆ ಅವಕಾಶ ಕೊಡಬಹುದು.

ಸಣ್ಣ ಫಾರ್ವರ್ಡ್‌ಗಳಿಗೆ ಯಾರು

ಇಲ್ಲಿ ಹೋಲಿಸಲು ಹೆಚ್ಚೇನಿಲ್ಲ. ಐಸಾಕ್ ಕ್ವೇನರ್. ಮುಗಿಯಿತು. 25 ವಯಸ್ಸು, ನೆಲದ ಮೇಲೂ ಗಾಳಿಯಲ್ಲೂ ಚುರುಕು. ಬ್ರಿಸ್ಬೇನ್‌ನ ಚಾರ್ಲಿ ಕ್ಯಾಮರಾನ್, ಜೀಲಾಂಗ್‌ನ ಟೈಸನ್ ಸ್ಟೆಂಗಲ್ ತರಹದವರ ಹಿಂದೆ ಓಡಲು ಈ ತಂಡದಲ್ಲಿ ಇವರಷ್ಟು ನಂಬಿಕಸ್ಥರು ಬೇರೆ ಇಲ್ಲ. ಇಂಥ ಫಾರ್ವರ್ಡ್‌ಗಳು ಚೆಂಡು ಕೆಳಗೆ ಬಿದ್ದ ಮೇಲೆ ಬದುಕುವವರು. ದೊಡ್ಡವರು ಚೆಂಡನ್ನು ಗುದ್ದಿ ಕೆಡವಿದಾಗ ಅದು ಯಾವ ಕಡೆ ಉರುಳುತ್ತದೆ ಅಂತ ಮೊದಲೇ ಊಹಿಸುವ ಆಟಗಾರ ಬೇಕು. ಕ್ವೇನರ್ ಅದನ್ನು ಮಾಡುತ್ತಾರೆ.

ಅವರ ಜೊತೆಗೆ ಬ್ರೇಡನ್ ಮೇನಾರ್ಡ್. ಮೈಕಟ್ಟು ಗಟ್ಟಿ, ಸ್ವಭಾವ ಅದಕ್ಕಿಂತ ಗಟ್ಟಿ. 2023ರ ಫೈನಲ್ಸ್‌ನಲ್ಲಿ ಮೆಲ್ಬರ್ನ್‌ನ ಆಂಗಸ್ ಬ್ರೇಶಾ ಕಿಕ್ ಮಾಡುವಾಗ ಅಡ್ಡ ಹಾರಿ, ಗಾಳಿಯಲ್ಲೇ ಅವರಿಗೆ ಡಿಕ್ಕಿ ಹೊಡೆದ ಘಟನೆ ಎಲ್ಲರಿಗೂ ನೆನಪಿದೆ. ಲೀಗ್‌ನ ಶಿಸ್ತು ಟ್ರಿಬ್ಯೂನಲ್ ಮೇನಾರ್ಡ್‌ರನ್ನು ಬಿಟ್ಟಿತು. ಬ್ರೇಶಾ 2024ರಲ್ಲಿ ಆಟದಿಂದಲೇ ನಿವೃತ್ತರಾದರು. ಲೀಗ್ ಆಮೇಲೆ ಇಂಥ ಹಾರುವಿಕೆಗೆ ಬಿಗಿ ನಿಯಮ ತಂದಿತು. ಆ ಘಟನೆಯ ಸರಿ ತಪ್ಪಿನ ಚರ್ಚೆ ಇನ್ನೂ ಮುಗಿದಿಲ್ಲ, ಇಲ್ಲಿ ಅದನ್ನು ಎಳೆಯುವುದೂ ಬೇಡ. ತಂಡ ಆರಿಸುವಾಗ ನೋಡಬೇಕಾದ್ದು ಬೇರೆ. ಮೇನಾರ್ಡ್ ಸಣ್ಣವರ ಮೇಲೂ, ಸ್ವಲ್ಪ ದೊಡ್ಡವರ ಮೇಲೂ ನಿಲ್ಲಬಲ್ಲರು. ಜೈಂಟ್ಸ್‌ನ ಟೋಬಿ ಗ್ರೀನ್ ತರಹ ಗಾತ್ರ ಸಣ್ಣದು, ಬಲ ದೊಡ್ಡದು ಇರುವವರ ಎದುರು ಕ್ವೇನರ್‌ಗಿಂತ ಇವರೇ ವಾಸಿ.

ಇವರು ಎಡಗಾಲಿನವರು ಅನ್ನುವುದು ಬೋನಸ್. ಯಾಕೆ ಅಂತ ಮುಂದೆ ಬರುತ್ತದೆ.

ಕಿಕ್ ಮಾಡುವವರ ನೂಕುನುಗ್ಗಲು

ಈಗ ಎಲ್ಲರಿಗೂ ಇಷ್ಟವಾದ ಭಾಗ. ಹಾಫ್ ಬ್ಯಾಕ್‌ನಿಂದ, ಅಂದರೆ ಹಿಂದಿನ ಆರರಲ್ಲಿ ಮುಂದಿನ ಸಾಲಿನಿಂದ, ಚೆಂಡು ಹೊರಡಿಸಬಲ್ಲವರು ನಾಲ್ವರಿದ್ದಾರೆ: ಹ್ಯೂಸ್ಟನ್, ಪೆರಿಮನ್, ಜೋಶ್ ಡೇಕಾಸ್, ಮತ್ತು ಮೇಲೆ ಹೇಳಿದ ಮೇನಾರ್ಡ್. ಕಳೆದ ವರ್ಷದವರೆಗೆ ಜಾನ್ ನೋಬಲ್ ಇದ್ದರು, ಈಗ ಗೋಲ್ಡ್ ಕೋಸ್ಟ್‌ಗೆ ಹೋಗಿದ್ದಾರೆ. ನೋಬಲ್ ಓಡುವವರು. ಚೆಂಡು ಸಿಕ್ಕರೆ ಕೈಯಿಂದ ಕೈಗೆ ದಾಟಿಸುತ್ತಾ ಪಕ್ಕದಲ್ಲೇ ಓಡಿ ಇನ್ನೊಮ್ಮೆ ಪಡೆಯುತ್ತಿದ್ದರು. ಹ್ಯೂಸ್ಟನ್ ಆ ತರಹ ಅಲ್ಲ. ಅವರು ನಿಂತು, ತಲೆ ಎತ್ತಿ, 50 ಮೀಟರ್ ಆಚೆ ಇರುವವರ ಎದೆಗೆ ಚೆಂಡು ಕಳಿಸುವವರು. ಹಾಗಾಗಿ ನೋಬಲ್ ಹೋದ ಜಾಗಕ್ಕೆ ಹ್ಯೂಸ್ಟನ್ ಬಂದರು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಓಟ ಕಳೆದುಕೊಂಡು ದೂರ ಗಳಿಸಿದ್ದೇವೆ.

ಆ ದೂರ ಎಷ್ಟು ಅಂತ ನೋಡಬೇಕಾದರೆ 2023ರ ಎಸೆಂಡನ್–ಪೋರ್ಟ್ ಪಂದ್ಯದ ಕೊನೆ ನೋಡಿ. ಎಂಸಿಜಿ, ಒದ್ದೆ ಮೈದಾನ. ಪೋರ್ಟ್ ಹಿಂದಿತ್ತು. ಸೈರನ್ ಆಗುವ ಹೊತ್ತಿಗೆ ಚೆಂಡು ಹ್ಯೂಸ್ಟನ್ ಕೈಯಲ್ಲಿತ್ತು, ಗೋಲ್‌ನಿಂದ 50 ಮೀಟರ್ ದೂರದ ಗೆರೆಯಿಂದಲೂ ಹೊರಗೆ. ಸೈರನ್ ಆದ ಮೇಲೂ ಆ ಒಂದು ಕಿಕ್‌ಗೆ ಅವಕಾಶ ಇರುತ್ತದೆ. ಒದ್ದರು, ಕಂಬಗಳ ನಡುವೆ ಹೋಯಿತು, ಪೋರ್ಟ್ ಗೆದ್ದಿತು. ಅಂಥ ಕಾಲು ಹಿಂದಿನಿಂದ ಚೆಂಡು ಕಳಿಸುತ್ತಿದ್ದರೆ ಎದುರಾಳಿ ತಂಡ ಇಡೀ ಮೈದಾನ ಕಾಯಬೇಕಾಗುತ್ತದೆ. ಬಿಹೈಂಡ್ ಆದ ಮೇಲಿನ ಕಿಕ್ ಇನ್ ಕೂಡ ಇವರಿಗೇ ಕೊಡಬೇಕು. 2019ರಿಂದ ಕಿಕ್ ಇನ್ ಮಾಡುವವರು ಚೆಂಡನ್ನು ತಮಗೇ ಒದ್ದುಕೊಳ್ಳದೆ ನೇರ ಓಡಿ ಹೊರಬರಬಹುದು. ನಾಲ್ಕು ಹೆಜ್ಜೆ ಓಡಿ ಹ್ಯೂಸ್ಟನ್ ಒದ್ದರೆ ಚೆಂಡು ಹೆಚ್ಚು ಕಡಿಮೆ ನಡುಮೈದಾನ ತಲುಪುತ್ತದೆ. 2023, 2024 ಎರಡೂ ವರ್ಷ ಆಲ್ ಆಸ್ಟ್ರೇಲಿಯನ್ ತಂಡಕ್ಕೆ ಸುಮ್ನೆ ಆರಿಸಲಿಲ್ಲ.

ಪೆರಿಮನ್ ಬೇರೆ ಬಗೆ. ಹಳೇ ಒಪ್ಪಂದ ಮುಗಿದ ಫ್ರೀ ಏಜೆಂಟ್ ಆಗಿ ಆರು ವರ್ಷದ ಒಪ್ಪಂದಕ್ಕೆ ಬಂದಿದ್ದಾರೆ. ಹಾಫ್ ಬ್ಯಾಕ್, ವಿಂಗ್ (ಮಧ್ಯದ ಅಂಚು), ಮಿಡ್‌ಫೀಲ್ಡ್, ಎಲ್ಲಿ ಹಾಕಿದರೂ ಮುಖ ಸಿಂಡರಿಸದೆ ಆಡುತ್ತಾರೆ. ಕಿಕ್ ಅಚ್ಚುಕಟ್ಟು, ಆದರೆ ಹ್ಯೂಸ್ಟನ್‌ರಷ್ಟು ದೂರ ಇಲ್ಲ. ಒಬ್ಬರ ವಿರುದ್ಧ ಒಬ್ಬರು ನಿಲ್ಲುವ ಕೆಲಸದಲ್ಲಿ ಮಾತ್ರ ಹ್ಯೂಸ್ಟನ್‌ಗಿಂತ ಇವರನ್ನು ನಂಬಬಹುದು. ಹ್ಯೂಸ್ಟನ್ ಚೆಂಡು ಹೊರಡುವ ಮೊದಲೇ ಮುಂದಿನ ಕಿಕ್ ಬಗ್ಗೆ ಯೋಚಿಸುವವರು. ಅಷ್ಟು ಹೊತ್ತಿಗೆ ಅವರ ಆಳು ಹಿಂದೆ ಜಾರಿರುತ್ತಾನೆ. ಪೋರ್ಟ್ ಅಭಿಮಾನಿಗಳನ್ನು ಕೇಳಿ ನೋಡಿ, ಹೊಗಳಿ ಮುಗಿಸಿದ ಮೇಲೆ ಇದನ್ನೂ ಹೇಳುತ್ತಾರೆ.

ಜೋಶ್ ಡೇಕಾಸ್ ವಿಂಗ್‌ನಲ್ಲಿ ಬೆಳೆದು ಕಳೆದ ವರ್ಷ ಹಿಂದಕ್ಕೆ ಬಂದವರು. ಚೆಂಡು ಸಿಕ್ಕಾಗ ಗಡಿಬಿಡಿ ಇಲ್ಲ. ಇಕ್ಕಟ್ಟಿನಲ್ಲೂ ಸಣ್ಣ ಕಿಕ್ ಹುಡುಕುತ್ತಾರೆ. ನೋಬಲ್ ಬಿಟ್ಟುಹೋದ ಓಟ ಸ್ವಲ್ಪವಾದರೂ ವಾಪಸ್ ಬರಬೇಕಾದರೆ ಅದು ಇವರಿಂದಲೇ.

ಹಾಗಾದರೆ ಆರರಲ್ಲಿ ಯಾರು? ಮೂರ್, ಫ್ರ್ಯಾಂಪ್ಟನ್, ಹೋವ್ ಮೂವರು ಎತ್ತರದವರು. ಕ್ವೇನರ್ ಒಬ್ಬರು. ಉಳಿದದ್ದು ಎರಡು. ನಾನು ಮೇನಾರ್ಡ್ ಮತ್ತು ಹ್ಯೂಸ್ಟನ್‌ಗೆ ಕೊಡುತ್ತೇನೆ. ಇಲ್ಲೇ ಎಡಗಾಲಿನ ವಿಷಯ ಬರುವುದು. ಮೇನಾರ್ಡ್ ಎಡಪಕ್ಕದಲ್ಲಿ, ಬಲಗಾಲಿನ ಹ್ಯೂಸ್ಟನ್ ಬಲಪಕ್ಕದಲ್ಲಿ ನಿಂತರೆ ಇಬ್ಬರೂ ಒಳಕ್ಕೆ ತಿರುಗದೆ ಗೆರೆಯುದ್ದಕ್ಕೂ ಒದೆಯಬಹುದು. ಒಳಕ್ಕೆ ತಿರುಗಿದರೆ ಬೆನ್ನಟ್ಟುವವರಿಗೆ ಒಂದು ಕ್ಷಣ ಸಿಗುತ್ತದೆ. ಚೆಂಡು ಗೋಲ್ ಮುಂದೆಯೇ ಕಳೆದುಹೋಗುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಜೋಶ್ ವಿಂಗ್‌ನಲ್ಲಿ ಶುರು ಮಾಡಿ, ಹಿಂದಿನವರು ಬೆಂಚ್‌ಗೆ ಹೋದಾಗ ಇಳಿದು ಬರಲಿ. ಪೆರಿಮನ್ ಇನ್ನೊಂದು ವಿಂಗ್ ಮತ್ತು ಬೆಂಚ್ ನಡುವೆ ಓಡಾಡಲಿ. ಎದುರಾಳಿಯಲ್ಲಿ ಎತ್ತರದವರು ಇಬ್ಬರೇ ಇದ್ದ ದಿನ ಹೋವ್ ಹೊರಗೆ, ಪೆರಿಮನ್ ಒಳಗೆ.

ನಿಕ್ ಡೇಕಾಸ್‌ರನ್ನು ಮತ್ತೆ ಹಾಫ್ ಬ್ಯಾಕ್‌ಗೆ ತನ್ನಿ ಅನ್ನುವವರೂ ಇದ್ದಾರೆ. 2022ರಲ್ಲಿ ಅಲ್ಲೇ ಆಡಿ ವರ್ಷದ ಶ್ರೇಷ್ಠ ಯುವ ಆಟಗಾರನ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದರು, ಸರಿ. ಆದರೆ ಕಳೆದ ವರ್ಷ ಬ್ರೌನ್‌ಲೋ ಎಣಿಕೆಯಲ್ಲಿ 38 ಮತ ಪಡೆದು ಪ್ಯಾಟ್ರಿಕ್ ಕ್ರಿಪ್ಸ್ ನಂತರ ಎರಡನೆಯವರಾದ ಮಿಡ್‌ಫೀಲ್ಡರ್‌ನನ್ನು ಹಿಂದಕ್ಕೆ ಕಳಿಸುವುದು ಯಾವ ಬುದ್ಧಿ? ಮುಂದಕ್ಕೆ ಹೋಗೋಣ.

ಹೊರಗೆ ಕಾಯುತ್ತಿರುವವರು

ಓಲೆಗ್ ಮಾರ್ಕೋವ್ ನನಗೆ ಬಹಳ ಇಷ್ಟ. ಬೆಲಾರಸ್‌ನಲ್ಲಿ ಹುಟ್ಟಿದವರು. ಅಪ್ಪ ಡಿಮಿಟ್ರಿ ಮಾರ್ಕೋವ್ 2001ರಲ್ಲಿ ಆಸ್ಟ್ರೇಲಿಯಾ ಪರ ಪೋಲ್ ವಾಲ್ಟ್ ವಿಶ್ವ ಚಾಂಪಿಯನ್. ರಿಚ್ಮಂಡ್, ಗೋಲ್ಡ್ ಕೋಸ್ಟ್ ಎರಡೂ ಮುಗಿದು ಇನ್ನೇನು ಎಎಫ್‌ಎಲ್ ಬದುಕೇ ಮುಗಿಯಿತು ಅನ್ನುವಾಗ ಕಾಲಿಂಗ್‌ವುಡ್‌ಗೆ ಬಂದು ಅದೇ ವರ್ಷ ಕಪ್ ಗೆದ್ದರು. ಕ್ವೇನರ್‌ಗೆ ಗಾಯವಾದರೆ ಮೊದಲ ಕರೆ ಇವರಿಗೆ ಹೋಗಬೇಕು.

ವಿಲ್ ಪಾರ್ಕರ್ ಹೆಸರು ಕ್ರಿಕೆಟ್ ನೋಡುವವರಿಗೆ ಪರಿಚಯ ಇರಬಹುದು. ವಿಕ್ಟೋರಿಯಾ ಪರ ಶೆಫೀಲ್ಡ್ ಶೀಲ್ಡ್‌ನಲ್ಲಿ ಲೆಗ್ ಸ್ಪಿನ್ ಹಾಕಿದ ಹುಡುಗ. ಈಗ ಇದೇ ಡಿಫೆನ್ಸ್‌ನಲ್ಲಿ ಜಾಗ ಹುಡುಕುತ್ತಿದ್ದಾರೆ. ಮೇಲಿನ ನಾಲ್ವರು ಕಿಕ್ಕರ್‌ಗಳೂ ಆರೋಗ್ಯವಾಗಿದ್ದರೆ ಈ ವರ್ಷ ಅವಕಾಶ ಸಿಗುವುದು ಕಷ್ಟ.

ಮೊದಲ ಎರಡು ವಾರ

2025ರ ಮಾರ್ಚ್ 9ಕ್ಕೆ ಸಿಡ್ನಿಯಲ್ಲಿ ಜೈಂಟ್ಸ್ ವಿರುದ್ಧ ಮೊದಲ ಪಂದ್ಯ. ಅಲ್ಲಿ ಹ್ಯೂಸ್ಟನ್ ಇರುವುದಿಲ್ಲ. ಕಳೆದ ಆಗಸ್ಟ್‌ನಲ್ಲಿ ಅಡಿಲೇಡ್‌ನ ಐಸಾಕ್ ರ‍್ಯಾಂಕಿನ್‌ಗೆ ಭುಜ ಕೊಟ್ಟು ಗುದ್ದಿದ್ದಕ್ಕೆ ಐದು ಪಂದ್ಯ ನಿಷೇಧ ಬಿದ್ದಿತ್ತು. ಪೋರ್ಟ್ ಆಮೇಲೆ ಆಡಿದ್ದು ನಾಲ್ಕೇ ಪಂದ್ಯ, ಬಾಕಿ ಒಂದು ಹೊಸ ಕ್ಲಬ್ಬಿನ ಲೆಕ್ಕಕ್ಕೆ ಬಂತು. ಆ ದಿನ ಬಲಪಕ್ಕ ಪೆರಿಮನ್‌ಗೆ ಸಿಗಲಿ, ಅದೂ ತಮ್ಮ ಹಳೇ ತಂಡದ ಎದುರಲ್ಲೇ. ಗ್ರೀನ್ ಮೇಲೆ ಮೇನಾರ್ಡ್. ಕಿಕ್ ಇನ್ ಕೂಡ ಅಲ್ಲಿಯವರೆಗೆ ಮೇನಾರ್ಡ್‌ಗೇ.

ಮರುವಾರ ಎಂಸಿಜಿಯಲ್ಲಿ ಪೋರ್ಟ್ ಅಡಿಲೇಡ್. ಹ್ಯೂಸ್ಟನ್ ಕಾಲಿಂಗ್‌ವುಡ್‌ನ ಕಪ್ಪು ಬಿಳಿ ಪಟ್ಟೆ ಹಾಕಿ ಮೊದಲು ಆಡುವುದು ತಮ್ಮ ಹಳೇ ಜೊತೆಗಾರರ ವಿರುದ್ಧವೇ. ಟಿವಿಯವರಿಗೆ ಹಬ್ಬ. ಹ್ಯೂಸ್ಟನ್‌ಗೆ ಜಾಗ ಮಾಡಲು ಯಾರನ್ನು ಹೊರಗಿಡಬೇಕು ಅನ್ನುವ ಪ್ರಶ್ನೆ ಆಗ ಬಂದೇ ಬರುತ್ತದೆ. ಕಿಕ್ ಮಾಡುವವರೆಲ್ಲ ಇರಲಿ ಅಂತ ಸೆಲೆಕ್ಟರ್‌ಗಳ ಕಣ್ಣು ಮೊದಲು ಹೋಗುವುದು ಫ್ರ್ಯಾಂಪ್ಟನ್ ಹೆಸರಿನ ಮೇಲೆ. ಅವರನ್ನು ಮುಟ್ಟಬೇಡಿ. ಪೆರಿಮನ್ ವಿಂಗ್‌ಗೆ ಹೋಗಲಿ, ಬೆಂಚಿನಿಂದ ಒಬ್ಬ ಮಿಡ್‌ಫೀಲ್ಡರ್ ಕಡಿಮೆಯಾಗಲಿ.